ಹೆಪ್ಪು ಕರಗಿದರೂ ಕೈ ಯಾಕೆ ಬರಲಿಲ್ಲ? ಮೆದುಳಿನ ಸಣ್ಣ ರಕ್ತನಾಳಗಳು ಮತ್ತು ಸ್ಟ್ರೋಕ್ ಚಿಕಿತ್ಸೆ

(ಹಾಸನದಲ್ಲಿ ಹಿರಿಯರು ಮತ್ತು ಅವರ ಮನೆಯವರಿಗಾಗಿ ನರರೋಗ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸ್ಟ್ರೋಕ್ ವಾರ್ಡಿನ ಹೊರಗೆ ಮನೆಯವರು ಕೇಳುವ ಒಂದು ಪ್ರಶ್ನೆಗೆ ಎರಡೇ ಮಾತಲ್ಲಿ ಉತ್ತರ ಹೇಳೋಕಾಗಲ್ಲ. "ಡಾಕ್ಟ್ರೇ, ಟೈಮಿಗೆ ಸರಿಯಾಗಿ ಕರ್ಕೊಂಡು ಬಂದ್ವಿ. ಇಂಜೆಕ್ಷನ್ ಕೊಟ್ರಿ. ಹೆಪ್ಪು ಕರಗಿದೆ ಅಂತ ನೀವೇ ಹೇಳಿದ್ರಿ. ಆದ್ರೂ ಅಪ್ಪನ ಕೈ ಯಾಕೆ ಬರಲಿಲ್ಲ? ಪಕ್ಕದ ಬೆಡ್ಡಿನವರು ನಡ್ಕೊಂಡೇ ಮನೆಗೆ ಹೋದ್ರಲ್ಲ?" ವಾರ್ಡಿನ ಬಾಗಿಲಲ್ಲಿ ನಿಂತು ಇದಕ್ಕೆ ಪೂರ್ತಿ ಉತ್ತರ ಕೊಡೋದು ಕಷ್ಟ. ಇವತ್ತು ನಮಗೆ ಸಮಯ ಇದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಸ್ಟ್ರೋಕ್, ಅಂದರೆ ಲಕ್ವದಲ್ಲಿ ಎರಡು ಬಗೆ. ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಸುರಿಯುವುದು ಒಂದು. ರಕ್ತನಾಳ ಕಟ್ಟಿಕೊಂಡು ಮುಂದಕ್ಕೆ ರಕ್ತ ಹೋಗದೇ ಇರುವುದು ಇನ್ನೊಂದು. ಜಾಸ್ತಿ ಜನರಿಗೆ ಆಗುವುದು ಎರಡನೆಯದು. ಅದಕ್ಕೆ ಇವತ್ತು ಒಳ್ಳೆಯ ಚಿಕಿತ್ಸೆ ಇದೆ. ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದು 1995ರಲ್ಲಿ ಪ್ರಕಟವಾಯಿತು. ಮೂರು ಗಂಟೆಯೊಳಗೆ ಆಲ್ಟಿಪ್ಲೇಸ್ ಅನ್ನುವ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. 2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಈಗ ಟೆನೆಕ್ಟಿಪ್ಲೇಸ್ ಅನ್ನುವ ಔಷಧಿಯೂ ಬಳಕೆಯಲ್ಲಿದೆ. ಅದನ್ನು ಒಂದೇ ಸಲಕ್ಕೆ ಕೊಟ್ಟು ಮುಗಿಸಬಹುದು.

ದೊಡ್ಡ ರಕ್ತನಾಳದಲ್ಲಿ ದೊಡ್ಡ ಹೆಪ್ಪು ಸಿಕ್ಕಿಕೊಂಡಾಗ ಇಂಜೆಕ್ಷನ್ ಒಂದೇ ಸಾಲುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಮೆದುಳಿನ ತನಕ ಹೋಗಿ, ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಇದಕ್ಕೆ ಥ್ರಾಂಬೆಕ್ಟಮಿ ಅನ್ನುತ್ತೇವೆ. 2015ರಲ್ಲಿ, ಒಂದೇ ವರ್ಷದಲ್ಲಿ, ಐದು ಪ್ರಯೋಗಗಳು ಇದು ಕೆಲಸ ಮಾಡುತ್ತದೆ ಅಂತ ತೋರಿಸಿದವು. ಐದನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬಂದವರು, ಹೆಪ್ಪು ತೆಗೆಸಿಕೊಂಡವರಲ್ಲಿ 100ಕ್ಕೆ 46 ಜನ. ಬರೀ ಔಷಧಿ ಪಡೆದವರಲ್ಲಿ ಸುಮಾರು 26 ಜನ.

ಇದು ಬಹಳ ದೊಡ್ಡ ಲಾಭ. ಆದರೆ ಆ 46ರ ಇನ್ನೊಂದು ಬದಿಯನ್ನೂ ನೋಡಿ. ಹೆಪ್ಪು ತೆಗೆಸಿಕೊಂಡ ಮೇಲೂ 54 ಜನ ಆ ಸ್ಥಿತಿಗೆ ಬರಲಿಲ್ಲ. ತಡವಾಗಿ ಬಂದದ್ದು, ಹೆಪ್ಪು ಪೂರ್ತಿ ಬಾರದ್ದು, ವಯಸ್ಸು, ಶುಗರ್, ಆಗಲೇ ಸತ್ತುಹೋದ ಭಾಗ ದೊಡ್ಡದಿದ್ದದ್ದು, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಒಂದರ ಬಗ್ಗೆ ಮಾತ್ರ ಮನೆಯವರ ಜೊತೆ ನಾವು ಮಾತಾಡುವುದು ತೀರಾ ಕಡಿಮೆ. ಅದು ಸ್ಟ್ರೋಕ್ ಆಗುವುದಕ್ಕೆ ಹತ್ತು ಹದಿನೈದು ವರ್ಷ ಮೊದಲಿಂದಲೇ ಮೆದುಳಿನಲ್ಲಿ ನಡೆಯುತ್ತಾ ಬಂದಿರುವ ಸಣ್ಣ ರಕ್ತನಾಳಗಳ ಕಾಯಿಲೆ.

ಪರದೆ ಮೇಲೆ ಈ ಚಿತ್ರ ನೋಡಿ. ಇದು ಎಂ.ಆರ್.ಐ.ನಲ್ಲಿ ಫ್ಲೇರ್ ಅನ್ನುವ ಬಗೆಯ ಚಿತ್ರ. ನಡುವೆ ಕಪ್ಪಗೆ ಕಾಣುವ ಎರಡು ಜಾಗ ಮೆದುಳಿನ ದ್ರವ ಇರುವ ಕೋಣೆಗಳು. ಅವುಗಳ ತುದಿಯಲ್ಲಿ ಬಿಳಿ ಟೊಪ್ಪಿ ಇಟ್ಟ ಹಾಗೆ ಕಾಣುತ್ತಿದೆ ಅಲ್ವಾ? ಈ ಹಂತದಲ್ಲಿ ಅಷ್ಟೇನೂ ಗಾಬರಿ ಬೇಡ. ಈಗ ಮುಂದಿನ ಚಿತ್ರ. ಸುತ್ತಲೂ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಮೂರನೆಯ ಚಿತ್ರದಲ್ಲಿ ಚುಕ್ಕೆಗಳೆಲ್ಲ ಒಂದಕ್ಕೊಂದು ಸೇರಿಕೊಂಡು, ಎರಡೂ ಕಡೆ ಬಿಳಿ ಮಬ್ಬು ಹರಡಿಬಿಟ್ಟಿದೆ. ಇದನ್ನು ಅಳೆಯೋಕೆ ನಾವು ಬಳಸುವುದು 1987ರಲ್ಲಿ ಬಂದ ಫಝೆಕಾಸ್ ಮಾಪನ. ಸೊನ್ನೆಯಿಂದ ಮೂರರ ತನಕ ಅಂಕ. ಈ ಕೊನೆಯ ಚಿತ್ರಕ್ಕೆ ಮೂರು. ಸಿ.ಟಿ. ಸ್ಕ್ಯಾನ್‌ನಲ್ಲಿ ಇದೇ ಜಾಗ ಬೆಳ್ಳಗೆ ಕಾಣುವುದಿಲ್ಲ, ಸುತ್ತಲಿಗಿಂತ ಸ್ವಲ್ಪ ಕಪ್ಪಾಗಿ ಕಾಣುತ್ತದೆ.

ನಿಮ್ಮ ಮನೆಯ ಹಳೆಯ ರಿಪೋರ್ಟುಗಳಲ್ಲೂ ಈ ಸಾಲು ಇರಬಹುದು: "ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್." ಅಂದರೆ ಸಣ್ಣ ರಕ್ತನಾಳಗಳ ಕಾಯಿಲೆಯಿಂದ, ರಕ್ತ ಸಾಲದೆ, ಬಹಳ ಕಾಲದಿಂದ ಆಗಿರುವ ಬದಲಾವಣೆಗಳು. ಓದಿದವರು "ವಯಸ್ಸಾದವರಿಗೆಲ್ಲ ಇರುತ್ತೆ ಬಿಡಿ" ಅಂದಿರುತ್ತಾರೆ. ಇರುತ್ತದೆ, ನಿಜ. ಆದರೆ ಎಷ್ಟಿದೆ ಅನ್ನುವುದನ್ನು ಅಲ್ಲಿಗೇ ಬಿಡಬಾರದು.

ಮೆದುಳಿನ ದೊಡ್ಡ ರಕ್ತನಾಳಗಳಿಂದ ಕೂದಲೆಳೆಯಂಥ ನಾಳಗಳು ನೇರವಾಗಿ ಕವಲೊಡೆದು ಆಳಕ್ಕೆ ಇಳಿಯುತ್ತವೆ. ದೊಡ್ಡ ನಾಳದ ಒತ್ತಡ ಬಂದು ಬಡಿಯುವುದು ಇವುಗಳಿಗೆ. ಒಂದು ಮುಚ್ಚಿದರೆ ಅದು ಸಾಕುತ್ತಿದ್ದ ಜಾಗಕ್ಕೆ ಬೇರೆ ದಾರಿಯಿಂದ ರಕ್ತ ಬರುವುದು ಕಡಿಮೆ. ವರ್ಷಗಟ್ಟಲೆ ಬಿ.ಪಿ. ಜಾಸ್ತಿ ಇದ್ದರೆ ಈ ನಾಳಗಳ ಗೋಡೆ ದಪ್ಪಗಾಗುತ್ತದೆ, ಗಟ್ಟಿಯಾಗುತ್ತದೆ. ಕೆಲವು ಮುಚ್ಚಿಹೋಗಿ ಅಲ್ಲಿ ಸಣ್ಣ ಕುಳಿ ಬೀಳುತ್ತದೆ. ಅದಕ್ಕೆ ಲಾಕ್ಯೂನ್ ಅಂತ ಹೆಸರು. ಕೆಲವು ಸೋರುತ್ತವೆ, ಸಾಸಿವೆಯಷ್ಟು ರಕ್ತದ ಕಲೆ ಉಳಿಯುತ್ತದೆ. ನರತಂತುಗಳಿರುವ ಬಿಳಿ ಭಾಗಕ್ಕೆ ರಕ್ತ ಸಾಲದೆ ಆ ಮಬ್ಬು ಹರಡುತ್ತದೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೋಸ್ಟನ್ನಿನಲ್ಲಿದ್ದ ಮಿಲ್ಲರ್ ಫಿಶರ್ ಅನ್ನುವ ನರವೈದ್ಯರು 1960ರ ದಶಕದಲ್ಲಿ, ಸ್ಕ್ಯಾನ್ ಅನ್ನುವುದೇ ಇಲ್ಲದ ಕಾಲದಲ್ಲಿ, ತೀರಿಹೋದವರ ಮೆದುಳನ್ನು ತೆಳುವಾಗಿ ಪದರ ಪದರ ಕೊಯ್ದು ಒಂದೊಂದು ನಾಳದ ಜಾಡು ಹಿಡಿದು ನೋಡಿದರು. ಎಂಥ ತಾಳ್ಮೆ ಬೇಕು ಅದಕ್ಕೆ! ಅಂಥ ಕುಳಿಗಳಿದ್ದವರಲ್ಲಿ ಬಹುತೇಕ ಎಲ್ಲರಿಗೂ ಬಿ.ಪಿ. ಇತ್ತು ಅಂತ ಅವರು ಬರೆದಿಟ್ಟರು. ನಾನು ಇವತ್ತು ಬಿ.ಪಿ. ಬಿ.ಪಿ. ಅಂತ ಮತ್ತೆ ಮತ್ತೆ ಹೇಳುವುದರ ಬುಡ ಅಲ್ಲಿದೆ.

ಈ ಕಾಯಿಲೆ ಒಂದು ದಿನ ಬಂದು ಬಾಗಿಲು ಬಡಿಯುವುದಿಲ್ಲ. ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರೊಬ್ಬರು ನನ್ನ ಹತ್ತಿರ ಬರುತ್ತಿದ್ದರು. ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಿಸಿದ್ದೇನೆ, ಇವರದ್ದೂ, ಮುಂದೆ ಹೇಳುವವರದ್ದೂ. ಬಟವಾಡೆಯ ದಿನ ಮಸ್ಟರ್ ಪುಸ್ತಕ ಹಿಡಿದರೆ ಎಲ್ಲರ ಲೆಕ್ಕ ಬಾಯಲ್ಲೇ ಹಾಕಿ ಮುಗಿಸುತ್ತಿದ್ದ ಮನುಷ್ಯ. ಬರಬರುತ್ತಾ ಅದೇ ಲೆಕ್ಕ ಸಂಜೆಯ ತನಕ ಎಳೆಯತೊಡಗಿತು. ಉತ್ತರ ತಪ್ಪುತ್ತಿರಲಿಲ್ಲ, ನಿಧಾನ ಅಷ್ಟೇ. ಹೆಜ್ಜೆ ಸಣ್ಣದಾಯಿತು. ಮೂತ್ರ ಬಂದರೆ ತಡೆಯೋಕಾಗುತ್ತಿರಲಿಲ್ಲ. ಸಂತೆಗೆ ಹೋಗುವ ಆಸೆಯೂ ಹೋಯಿತು. ಮನೆಯಲ್ಲಿ "ವಯಸ್ಸಾಯ್ತು, ಸೋಮಾರಿ ಆಗಿದ್ದಾರೆ" ಅಂದರು. ಸೋಮಾರಿತನ ಅಲ್ಲ ಅದು. ಅವರ ಸ್ಕ್ಯಾನ್ ಆ ಮೂರನೆಯ ಚಿತ್ರದ ಹಾಗೇ ಇತ್ತು. ನಿಮ್ಮ ಮನೆಯಲ್ಲಿ ಹಿರಿಯರು ಹೀಗೆ ನಿಧಾನ ಆಗಿದ್ದರೆ ದಯವಿಟ್ಟು ಬೈಯಬೇಡಿ. ಕರ್ಕೊಂಡು ಬನ್ನಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಬ್ಬರು ರೋಗಿಗಳು. ಒಬ್ಬರು ಅರಸೀಕೆರೆ ಕಡೆಯ ತೆಂಗಿನ ತೋಟದವರು, ಇನ್ನೊಬ್ಬರು ಆಲೂರು ಕಡೆಯ ಅಜ್ಜಿ. ವಯಸ್ಸು ಹೆಚ್ಚೂಕಡಿಮೆ ಒಂದೇ. ಇಬ್ಬರಿಗೂ ಎಡ ಮೆದುಳಿನ ದೊಡ್ಡ ನಾಳದಲ್ಲಿ ಹೆಪ್ಪು. ಬಲಗೈ ಬಲಗಾಲು ಇಲ್ಲ, ಮಾತಿಲ್ಲ. ಇಬ್ಬರಿಗೂ ಮೊದಲು ಇಂಜೆಕ್ಷನ್, ಆಮೇಲೆ ದೊಡ್ಡ ಊರಿಗೆ ಕಳಿಸಿ ಹೆಪ್ಪು ತೆಗೆಸಿದ್ದು. ಇಬ್ಬರಿಗೂ ನಾಳ ಚೆನ್ನಾಗಿ ತೆರೆಯಿತು. ಮೂರು ತಿಂಗಳ ಮೇಲೆ ಅಜ್ಜಿ ಒಲೆ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದರು. ತೋಟದವರು ಒಬ್ಬರು ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಿದ್ದರು, ಕೈ ಬರಲಿಲ್ಲ. ಅಜ್ಜಿಯ ಬಿ.ಪಿ. ಮೊದಲಿಂದಲೂ ಹತೋಟಿಯಲ್ಲಿತ್ತು, ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆ ಹೆಚ್ಚೇನೂ ಇರಲಿಲ್ಲ. ತೋಟದವರಿಗೆ ಎರಡೂ ಕಡೆ ಮಬ್ಬು ಹರಡಿತ್ತು, ಹಳೆಯ ಕುಳಿಗಳೂ ಇದ್ದವು. ಹಿಂದೆ ಲಕ್ವ ಆಗಿತ್ತಾ ಅಂತ ಕೇಳಿದರೆ, ಇಲ್ಲವೇ ಇಲ್ಲ ಅಂದರು. ಅವರಿಗೆ ಗೊತ್ತೇ ಆಗದ ಹಾಗೆ ಆಗಿಹೋಗಿತ್ತು.

ತೋಟದವರ ಮಗನಿಗೆ ನಾನು ಹೇಳಿದ್ದು ಅವರ ತೋಟದ ಮಾತೇ. ನಿಮ್ಮ ಬೋರ್‌ವೆಲ್ ಗಡಸು ನೀರಿಗೆ ಡ್ರಿಪ್ ಪೈಪಿನ ತೂತುಗಳಲ್ಲಿ ಸುಣ್ಣ ಕಟ್ಟಿಕೊಂಡಿದೆ ಅಂತಿಟ್ಟುಕೊಳ್ಳಿ. ಮೇನ್ ಪೈಪಿಗೆ ಸಿಕ್ಕಿದ ಕಸ ತೆಗೆದರೆ ಮೇನ್ ಪೈಪಿನಲ್ಲಿ ನೀರು ಹರಿಯುತ್ತದೆ, ಗಿಡದ ಬುಡಕ್ಕೆ ಹೋಗಬೇಕಲ್ಲ? ಅವನಿಗೆ ತಕ್ಷಣ ಅರ್ಥವಾಯಿತು.

ಇದರ ಹಿಂದಿನ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ನಾಳ ಕಟ್ಟಿದಾಗ ಅಕ್ಕಪಕ್ಕದ ನಾಳಗಳು ಹಿಗ್ಗಿ ಒಂದಷ್ಟು ರಕ್ತ ಕಳಿಸಿ, ನಾವು ಹೆಪ್ಪು ತೆಗೆಯುವ ತನಕ ಆ ಭಾಗವನ್ನು ಜೀವಂತ ಇಡುತ್ತವೆ. ನಾಳಗಳು ಗಟ್ಟಿಯಾಗಿದ್ದರೆ ಹಿಗ್ಗುವ ಶಕ್ತಿ ಕಡಿಮೆ, ಸಾಯುವ ಭಾಗ ಬೇಗ ದೊಡ್ಡದಾಗಬಹುದು. ಇನ್ನು ರಕ್ತಸ್ರಾವ. ಹೆಪ್ಪು ಕರಗಿಸುವ ಔಷಧಿ ಕೊಟ್ಟಾಗ, ಮೊದಲೇ ಸೋರುತ್ತಿರುವ ನಾಳಗಳಿಂದ ರಕ್ತ ಸುರಿಯುವ ಅಪಾಯ ಜಾಸ್ತಿ. ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿದ್ದೇನೆ. ಸ್ಟ್ರೋಕ್ ಆದ ಮೇಲೆ ಕೈ ಕಾಲು ಮರಳುವುದು ಉಳಿದ ಮೆದುಳು ಹೋದ ಭಾಗದ ಕೆಲಸವನ್ನು ಕಲಿತುಕೊಳ್ಳುವುದರಿಂದ. ಹಾಗೆ ಕಲಿಯೋಕೆ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನರತಂತುಗಳ ಸಂಪರ್ಕ ಬೇಕು. ಬಿಳಿ ಮಬ್ಬು ಹಾಳು ಮಾಡಿರುವುದು ಆ ತಂತುಗಳನ್ನೇ. ಫಿಸಿಯೋಥೆರಪಿಯಲ್ಲಿ ಅಷ್ಟೇ ಶ್ರಮ ಹಾಕಿದರೂ ಬರುವ ಫಲ ಕಡಿಮೆ, ಬರುವುದೂ ತಡ.

"ಹಾಗಾದರೆ ಇಂಥವರಿಗೆ ಇಂಜೆಕ್ಷನ್ ಕೊಡಲೇಬಾರದಾ?" ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕೊಡಬೇಕು. ಸಣ್ಣ ನಾಳಗಳ ಕಾಯಿಲೆ ಇದೆ ಅನ್ನುವುದೊಂದೇ ಕಾರಣಕ್ಕೆ ಚಿಕಿತ್ಸೆ ತಪ್ಪಿಸುವುದು ತಪ್ಪು.

ಐ.ಎಸ್.ಟಿ.-3 ಅನ್ನುವ ಪ್ರಯೋಗದಲ್ಲಿ 3,035 ರೋಗಿಗಳಿದ್ದರು, ಅವರಲ್ಲಿ ವಯಸ್ಸಾದವರೇ ಜಾಸ್ತಿ. ಅವರ ಸ್ಕ್ಯಾನ್‌ಗಳನ್ನು ವಿಂಗಡಿಸಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಬಿಳಿ ಭಾಗದ ಹಾನಿ, ಹಳೆಯ ಕುಳಿ, ಮೆದುಳು ಕುಗ್ಗಿದ್ದು, ಇವು ಇದ್ದವರ ಸ್ಥಿತಿ ಒಟ್ಟಾರೆ ಕೆಟ್ಟದಾಗಿತ್ತು. ಆದರೆ ಇಂಜೆಕ್ಷನ್ನಿನಿಂದ ಸಿಗುವ ಲಾಭವನ್ನು ಈ ಹಾನಿ ಅಳಿಸಿಹಾಕುತ್ತದೆ ಅಂತ ಕಂಡುಬರಲಿಲ್ಲ. ಥ್ರಾಂಬೆಕ್ಟಮಿ ಪ್ರಯೋಗಗಳ ಸ್ಕ್ಯಾನ್‌ಗಳನ್ನು ಮತ್ತೆ ನೋಡಿದಾಗಲೂ ಚಿತ್ರ ಹೀಗೇ ಇದೆ. ಮಬ್ಬು ಜಾಸ್ತಿ ಇದ್ದವರ ಸ್ಥಿತಿ ಮಬ್ಬಿಲ್ಲದವರಿಗಿಂತ ಕೆಳಗೆ, ಆದರೆ ಹೆಪ್ಪು ತೆಗೆಸದೇ ಇದ್ದಿದ್ದರೆ ಅದಕ್ಕಿಂತಲೂ ಕೆಳಗೆ. ಆ ತೋಟದವರನ್ನೇ ತಗೊಳ್ಳಿ. ಚಿಕಿತ್ಸೆ ಸಿಗದಿದ್ದರೆ ಬಹುಶಃ ಹಾಸಿಗೆಯಲ್ಲೇ ಉಳಿಯುತ್ತಿದ್ದರು. ಈಗ ಕೈ ಹಿಡಿದರೆ ಬಚ್ಚಲಿಗೆ ಹೋಗುತ್ತಾರೆ, ಕೂತು ಊಟ ಮಾಡುತ್ತಾರೆ. ಅವರನ್ನು ನೋಡಿಕೊಳ್ಳುವ ಸೊಸೆಯನ್ನು ಕೇಳಿ, ಅದರ ಬೆಲೆ ಎಷ್ಟು ಅಂತ ಆಕೆ ಹೇಳುತ್ತಾಳೆ.

ರಕ್ತಸ್ರಾವದ ಭಯವೂ ನಿಜ. 1995ರ ಪ್ರಯೋಗದಲ್ಲೇ, ಇಂಜೆಕ್ಷನ್ ಪಡೆದವರಲ್ಲಿ 6.4 ಪ್ರತಿಶತ ಜನರಿಗೆ ತೊಂದರೆ ಕೊಡುವಂಥ ಮೆದುಳಿನ ರಕ್ತಸ್ರಾವ ಆಯಿತು. ಪಡೆಯದವರಲ್ಲಿ ಅದು 0.6 ಪ್ರತಿಶತ. ಆ ಅಪಾಯವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಒಟ್ಟು ಲಾಭ ಉಳಿಯಿತು, ಅದಕ್ಕೇ ಔಷಧಿ ಬಳಕೆಗೆ ಬಂದದ್ದು. ಸಾಸಿವೆಯಷ್ಟು ರಕ್ತದ ಕಲೆಗಳು ಹತ್ತರ ತನಕ ಇದ್ದರೆ ಇಂಜೆಕ್ಷನ್ ಕೊಡುವುದು ಸರಿ ಅಂತ ಅಮೆರಿಕದ ಮಾರ್ಗಸೂಚಿ 2018ರಲ್ಲಿ ಹೇಳಿತು. ಹತ್ತಕ್ಕಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು, ಅಲ್ಲಿ ರೋಗಿಗೆ ಸಿಗಬಹುದಾದ ಲಾಭ ದೊಡ್ಡದಿದೆಯಾ ಅಂತ ತೂಗಿ ನೋಡಬೇಕು. ಆ ಕಲೆಗಳು ಸಿ.ಟಿ.ಯಲ್ಲಿ ಕಾಣುವುದಿಲ್ಲ, ಎಂ.ಆರ್.ಐ. ಬೇಕು. ಹಾಗಂತ ಎಲ್ಲರಿಗೂ ಮೊದಲು ಎಂ.ಆರ್.ಐ. ಮಾಡಿಸಿ ಕಾಯುವಂತಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಮೊದಲೇ ಸವೆದ ಮೆದುಳಿಗೆ ಕಾಯುವ ಶಕ್ತಿ ಇನ್ನೂ ಕಡಿಮೆ.

ನಮ್ಮ ಊರುಗಳ ದಾರಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ದಾರಿ ಬಂದ್. ಬೆಂಗಳೂರು ಸುಮಾರು 180 ಕಿ.ಮೀ. "ದೊಡ್ಡ ಆಸ್ಪತ್ರೆಗೇ ಹೋಗೋಣ" ಅಂತ ನೇರ ಬೆಂಗಳೂರಿಗೆ ಗಾಡಿ ತಿರುಗಿಸುತ್ತಾರೆ, ಇಂಜೆಕ್ಷನ್ನಿನ ಸಮಯ ದಾರಿಯಲ್ಲೇ ಮುಗಿದುಹೋಗುತ್ತದೆ. ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಇದ್ದು ಸ್ಟ್ರೋಕ್ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಮೊದಲು ಅಲ್ಲಿಗೆ. ಹೆಪ್ಪು ತೆಗೆಸಬೇಕಿದ್ದರೆ ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದ ಹೊತ್ತು, ಕೈ ಬಿದ್ದ ಹೊತ್ತು, ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾರು ಯಾವಾಗ ನೋಡಿದರು, ಇದನ್ನು ನೆನಪಿಟ್ಟುಕೊಳ್ಳಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ. ನುಂಗುವುದು ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ತಿಕ್ಕುವವರ ಹತ್ತಿರ, ಬೇರು ಅರೆದು ಕೊಡುವವರ ಹತ್ತಿರ ಮೊದಲು ಹೋಗಿ ಬರೋಣ ಅನ್ನುವ ಮಾತು ಈಗಲೂ ಕೇಳುತ್ತೇನೆ. ಬಹಳ ಬೇಜಾರಾಗುತ್ತದೆ. ಹಾಗೆ ಕಳೆದ ಒಂದು ಗಂಟೆಯನ್ನು ಯಾರೂ ವಾಪಸ್ ಕೊಡೋಕಾಗಲ್ಲ.

ಸಣ್ಣ ನಾಳವೇ ಮುಚ್ಚಿ ಆಗುವ ಸ್ಟ್ರೋಕೂ ಇದೆ. ರಕ್ತನಾಳ ಕಟ್ಟಿ ಆಗುವ ಸ್ಟ್ರೋಕುಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ಈ ಬಗೆಯವು. ಅಷ್ಟು ಸಣ್ಣ ನಾಳದೊಳಗೆ ಕೊಳವೆ ಹೋಗುವುದಿಲ್ಲ, ಹಾಗಾಗಿ ಥ್ರಾಂಬೆಕ್ಟಮಿ ಇಲ್ಲ. ಸಮಯದೊಳಗೆ ಬಂದರೆ ಇಂಜೆಕ್ಷನ್ ಇದೆ. ಮಾತು ಚೆನ್ನಾಗಿದೆ, ಪ್ರಜ್ಞೆ ಇದೆ, ಒಂದು ಕಡೆ ಕೈಕಾಲು ಮಾತ್ರ ಸೋತಿದೆ ಅಂದಾಗ ಜನ "ಸಣ್ಣದು, ಬೆಳಗ್ಗೆ ನೋಡೋಣ" ಅಂತ ಮಲಗಿಬಿಡುತ್ತಾರೆ. ಮಲಗಬೇಡಿ.

ಇನ್ನು ನಮ್ಮ ಕೈಯಲ್ಲಿ ಇರುವುದು ಏನು? ಹಾಳಾದ ಬಿಳಿ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇವತ್ತಿಗೆ ಇಲ್ಲ. ಅದು ಹರಡುವುದನ್ನು ನಿಧಾನ ಮಾಡಬಹುದು. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಒಂದು ಗುಂಪಿಗೆ ಮೇಲಿನ ಬಿ.ಪಿ.ಯನ್ನು 120ಕ್ಕಿಂತ ಕೆಳಗೆ, ಇನ್ನೊಂದು ಗುಂಪಿಗೆ 140ಕ್ಕಿಂತ ಕೆಳಗೆ ಇಡುವ ಗುರಿ ಇಟ್ಟರು. ಸುಮಾರು ನಾಲ್ಕು ವರ್ಷದಲ್ಲಿ ಬಿಳಿ ಭಾಗದ ಹಾನಿ ಮೊದಲ ಗುಂಪಿನಲ್ಲಿ 0.92 ಘನ ಸೆಂಟಿಮೀಟರ್ ಬೆಳೆಯಿತು, ಎರಡನೆಯದರಲ್ಲಿ 1.45. ಎರಡರಲ್ಲೂ ಬೆಳೆಯಿತು, ಗಮನಿಸಿ. ಬಿ.ಪಿ. ಹಿಡಿದಿಟ್ಟವರಲ್ಲಿ ನಿಧಾನವಾಗಿ ಬೆಳೆಯಿತು. ಸಣ್ಣ ನಾಳದ ಸ್ಟ್ರೋಕ್ ಆದವರ ಮೇಲೆ ನಡೆದ ಎಸ್.ಪಿ.ಎಸ್.-3 ಪ್ರಯೋಗದಲ್ಲಿ ಬಿ.ಪಿ.ಯನ್ನು 130ಕ್ಕಿಂತ ಕೆಳಗೆ ಇಡಲು ಹೋದ ಗುಂಪಿನಲ್ಲಿ ಮೆದುಳಿನ ರಕ್ತಸ್ರಾವ 63 ಪ್ರತಿಶತ ಕಡಿಮೆ ಇತ್ತು.

ಅದೇ ಪ್ರಯೋಗ ಇನ್ನೊಂದು ಪಾಠವನ್ನೂ ಹೇಳಿತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಸೇರಿಸಿ ವರ್ಷಗಟ್ಟಲೆ ಕೊಟ್ಟರೆ ಸ್ಟ್ರೋಕ್ ಗಮನಾರ್ಹವಾಗಿ ಕಡಿಮೆ ಆಗಲಿಲ್ಲ, ರಕ್ತಸ್ರಾವ ಮತ್ತು ಸಾವು ಜಾಸ್ತಿಯಾದವು. ಸಣ್ಣ ಸ್ಟ್ರೋಕ್ ಆದಾಗ ಮೊದಲ ಕೆಲವು ವಾರ ಎರಡೂ ಮಾತ್ರೆ ಕೊಡುವುದುಂಟು, ಅದಕ್ಕೆ ಆಧಾರ ಇದೆ. ಆದರೆ ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಎರಡನ್ನೂ ವರ್ಷಗಟ್ಟಲೆ ತಗೊಳ್ಳುತ್ತಿರುವವರು ಈ ಸಭೆಯಲ್ಲೇ ಇರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ, ಅವರು ಸುಮ್ನೆ ನಿಲ್ಲಿಸಬಾರದು. ಉಳಿದವರು ಮುಂದಿನ ಸಲ ಹೋದಾಗ "ಎರಡೂ ಇನ್ನೂ ಬೇಕಾ?" ಅಂತ ಒಂದು ಮಾತು ಕೇಳಿ.

ಬಿ.ಪಿ. ಮಾತ್ರೆ ನಿಲ್ಲಿಸುವ ಕಥೆ ನಿಮಗೆಲ್ಲ ಗೊತ್ತು. "ಚೆಕ್ ಮಾಡಿಸ್ದೆ, ನಾರ್ಮಲ್ ಬಂತು, ಬಿಟ್ಟೆ." ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರೆ ತರಲು ಪೇಟೆಗೆ ಬರೋಕಾಗದೆ ಬಿಟ್ಟವರನ್ನೂ ನೋಡಿದ್ದೇನೆ. ಕೊಯ್ಲು ಶುರುವಾಗುವ ಮೊದಲೇ ಆ ತಿಂಗಳುಗಳಿಗೆ ಸಾಕಾಗುವಷ್ಟು ತಂದಿಟ್ಟುಕೊಳ್ಳಿ. ಮನೆಗೊಂದು ತೋಳಿಗೆ ಕಟ್ಟುವ ಬಿ.ಪಿ. ಮಿಷನ್ ಇರಲಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಿ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಉಪ್ಪು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಸೇರಿ ಅಷ್ಟು. ತೀರಾ ವಯಸ್ಸಾದವರಿಗೆ, ನಿಂತರೆ ತಲೆ ತಿರುಗುವವರಿಗೆ ಬಿ.ಪಿ.ಯನ್ನು ಒಮ್ಮೆಲೇ ಇಳಿಸಬಾರದು. ಅವರ ಗುರಿಯನ್ನು ವೈದ್ಯರು ನೋಡಿ ಹೇಳಬೇಕು. ಶುಗರ್ ಹತೋಟಿ, ಬೀಡಿ ಸಿಗರೇಟು ಬಿಡುವುದು, ದಿನಾ ನಡೆಯುವುದು, ಇವು ನಿಮಗೆ ಗೊತ್ತೇ ಇವೆ.

ಸ್ಟ್ರೋಕ್ ಆದವರ ಮನೆಯವರಿಗೆ ಒಂದು ಮಾತು. ಸಣ್ಣ ನಾಳಗಳ ಕಾಯಿಲೆ ಜಾಸ್ತಿ ಇದ್ದರೆ ಅದನ್ನು ವೈದ್ಯರು ಮೊದಲ ವಾರದಲ್ಲೇ ನಿಮಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಗೊತ್ತಿದ್ದರೆ ಮನೆಯನ್ನು ಅದಕ್ಕೆ ತಕ್ಕಂತೆ ಸಿದ್ಧ ಮಾಡಬಹುದು. ಬಚ್ಚಲಿಗೆ ಹಿಡಿಕೆ ಹಾಕಿಸಬಹುದು, ಹಗಲು ಯಾರು ನೋಡಿಕೊಳ್ಳುವುದು ಅಂತ ಯೋಚಿಸಬಹುದು. ಫಿಸಿಯೋಥೆರಪಿಯನ್ನು ಒಂದು ತಿಂಗಳಿಗೇ ನಿಲ್ಲಿಸದೆ ಮುಂದುವರಿಸಬಹುದು. ಗೊತ್ತಿಲ್ಲದಿದ್ದರೆ ಮಗ "ಅಪ್ಪ ಪ್ರಯತ್ನ ಪಡ್ತಿಲ್ಲ" ಅನ್ನುತ್ತಾನೆ, ಅಪ್ಪ ಮೂಲೆ ಸೇರುತ್ತಾರೆ. ಆ ನೋವು ಯಾವ ಮನೆಗೂ ಬೇಡ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು. ಕಾಫಿ ಬಿಡಬೇಕಾ ಅಂತ ಕೇಳಿದ್ದೀರಿ. ಈ ಊರಿನಲ್ಲಿ ಈ ಪ್ರಶ್ನೆ ಬರಲೇಬೇಕು. ದಿನಕ್ಕೆ ಎರಡು ಮೂರು ಲೋಟ ಕಾಫಿಯಿಂದ ಸ್ಟ್ರೋಕ್ ಹೆಚ್ಚುತ್ತದೆ ಅಂತ ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಕುಡಿಯಿರಿ. ಶುಗರ್ ಇದ್ದವರು ಸಕ್ಕರೆ ಬಿಡಿ.

ಇನ್ನೊಂದು ಪ್ರಶ್ನೆ, ಎಲ್ಲರೂ ಒಮ್ಮೆ ಎಂ.ಆರ್.ಐ. ಮಾಡಿಸಿ ನೋಡಬೇಕಾ ಅಂತ. ಬೇಡ. ತೊಂದರೆ ಇಲ್ಲದವರು ಆ ದುಡ್ಡಲ್ಲಿ ಬಿ.ಪಿ. ಮಿಷನ್ ಕೊಂಡು ಮಾತ್ರೆಯನ್ನೂ ತಗೊಂಡರೆ ಹೆಚ್ಚು ಉಪಯೋಗ. ಆದರೆ ಯಾವುದೋ ಕಾರಣಕ್ಕೆ ಆಗಲೇ ಸ್ಕ್ಯಾನ್ ಮಾಡಿಸಿದ್ದರೆ, ಫಿಲ್ಮ್, ಸಿ.ಡಿ., ರಿಪೋರ್ಟು ಎಲ್ಲವನ್ನೂ ಒಂದು ಕವರಿಗೆ ಹಾಕಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿಯ ಜೊತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಯಾವುದು ಹಳೆಯ ಕುಳಿ, ಯಾವುದು ಈಗ ಆದದ್ದು ಅಂತ ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ನಿಂತ ವೈದ್ಯರಿಗೆ ಆ ಕವರ್ ನೋಡಿದರೆ ಬೇಗ ಗೊತ್ತಾಗುತ್ತದೆ. ಗಾಡಿ ಹತ್ತುವಾಗ ಅದನ್ನು ಮರೆಯದೆ ಜೊತೆಗೆ ತನ್ನಿ.